ತಾಯಿಗಂಟೆ

ಆ ಬೆಳಗ್ಗೆ ಊರಿನ ಮೇಲೆ ಮಂಜು ಬಿದ್ದಿತ್ತು ಎನ್ನುವುದಕ್ಕಿಂತ ಊರೇ ಮಂಜಿನೊಳಗೆ ಮುಳುಗಿ ಕೂತಿತ್ತು ಎನ್ನಬೇಕು. ಎದುರು ಮನೆಯ ಗೇಟು ಕಾಣಿಸದು. ಆದರೆ ಅದರ ಚಿಲಕ ಸರಿಸಿದ ಸದ್ದು ಕಿವಿಯ ಪಕ್ಕದಲ್ಲೇ ಆದಂತೆ ಕೇಳಿಸುವುದು. ಮಂಜಿನ ಗುಣವೇ ಹಾಗೆ, ಕಣ್ಣಿಗೆ ಪರದೆ ಎಳೆದು ಕಿವಿಗೆ ಬಾಗಿಲು ತೆರೆಯುತ್ತದೆ. ಮೇಲಿರುವವನು ಒಂದು ಕೈಯಲ್ಲಿ ಕಸಿದದ್ದನ್ನು ಇನ್ನೊಂದು ಕೈಯಲ್ಲಿ ತುಂಬಿಕೊಡುತ್ತಾನೆ ಎಂದು ಹಿರಿಯರು ಹೇಳಿದ್ದು ಇಂಥ ಬೆಳಗನ್ನು ನೋಡಿಯೇ ಇರಬೇಕು.

ಆ ಮಂಜಿನಲ್ಲಿ ಅವಳು ಕೆಲಸಕ್ಕೆ ನಡೆದು ಹೊರಟಿದ್ದಳು. ಅದು ಕೈಕೆಲಸದ ಊರು. ಒಂದು ಬೀದಿಯಲ್ಲಿ ಮರ ಕೆತ್ತುವವರು, ಮಗ್ಗುಲ ಬೀದಿಯಲ್ಲಿ ಬಟ್ಟೆಗೆ ಅಚ್ಚು ಒತ್ತುವವರು, ಮುಚ್ಚಿಹೋದ ಗಿರಣಿಯ ಕಟ್ಟಡದಲ್ಲಿ ಚಿತ್ರ ಬರೆಯುವವರು, ಗೊಂಬೆ ಮಾಡುವವರು, ಪುಸ್ತಕಕ್ಕೆ ರಟ್ಟು ಕಟ್ಟುವವರು. 'ನಮ್ಮೂರಲ್ಲಿ ಕಲ್ಲು ಎಸೆದ್ರೆ ಕಲಾವಿದನ ತಲೆ ಮೇಲೇ ಬೀಳುತ್ತೆ, ಅವನು ಆ ಕಲ್ಲನ್ನೂ ಕೆತ್ತಿ ಮಾರ್ತಾನೆ' ಎಂದು ಊರವರೇ ಹೇಳಿಕೊಂಡು ನಗುತ್ತಿದ್ದರು. ಇವರೆಲ್ಲ ಮಾಡಿದ್ದನ್ನು ದೂರದೂರದವರಿಗೆ ಆನ್‌ಲೈನ್‌ನಲ್ಲಿ ಮಾರುವ ಅಂಗಡಿಗೆ ಅವಳು ಹಿರಿಯ ಮ್ಯಾನೇಜರು. ಆಫೀಸಿನಲ್ಲಿ ಎಲ್ಲರ ಬಾಯಲ್ಲೂ ಮೇಡಂ. ಗಂಟೆ ಎರಕದವರ ಓಣಿಯಲ್ಲಿ ಮಾತ್ರ, ತಲೆಗೂದಲು ಅರ್ಧ ಬೆಳ್ಳಗಾದ ಮೇಲೂ, ಪುಟ್ಟಿ.

ಅವಳು ಹುಟ್ಟಿ ಬೆಳೆದದ್ದು ಆ ಓಣಿಯಲ್ಲೇ. ಒಂದು ಕಾಲಕ್ಕೆ ಅಲ್ಲಿ ಮನೆಮನೆಗೂ ಕುಲುಮೆ. ಸಂಜೆಯಾದರೆ ಕಾಯಿಸಿದ ಮೇಣದ ವಾಸನೆ, ಸುಟ್ಟ ಮಣ್ಣಿನ ವಾಸನೆ, ತಿಕ್ಕಿದ ಕಂಚಿನ ಹುಳಿ ವಾಸನೆ, ಮೂರೂ ಕೂಡಿ ಮಕ್ಕಳ ತಲೆಗೂದಲಿಗೆ ಹತ್ತಿಕೊಳ್ಳುತ್ತಿತ್ತು. ಶಾಲೆಯಲ್ಲಿ ಟೀಚರು ಕಣ್ಣು ಮುಚ್ಚಿಯೂ ಆ ಓಣಿಯ ಮಕ್ಕಳನ್ನು ಗುರುತಿಸುತ್ತಿದ್ದರು. ಈಗ ಆ ಮನೆಗಳಲ್ಲಿ ಕಾಫಿ ಅಂಗಡಿಗಳಿವೆ, ಫೋಟೋ ಸ್ಟುಡಿಯೋ ಇದೆ. ಕುಲುಮೆ ಉಳಿದಿರುವುದು ಒಂದೇ, ಮಾವನದು. ರಕ್ತಸಂಬಂಧದ ಮಾವನಲ್ಲ, ಗೋಡೆಸಂಬಂಧದ ಮಾವ. ಎರಡು ಮನೆಗೂ ನಡುವೆ ಒಂದೇ ಗೋಡೆ. ಅವಳ ಅಪ್ಪ ಈಚೆಯಿಂದ ಗೋಡೆ ಕುಟ್ಟಿದರೆ ಮಾವ ಆಚೆಯಿಂದ 'ಬಂದೆ ಕಣಯ್ಯಾ' ಎನ್ನುತ್ತಿದ್ದ.

ಆ ಮಾವ ಮಗಳ ಮನೆಗೆ ಹೋಗಿ ಹಿಂದಿನ ಸಂಜೆ ಮರಳಿದ್ದ. ಅವನ ತಾಯಿಗಂಟೆಯನ್ನು ಅವಳು ಈ ಬೆಳಗ್ಗೆ ಹಿಂದಿರುಗಿಸಬೇಕಿತ್ತು.

ತಾಯಿಗಂಟೆ ಎಂದರೆ ಕೈಯಲ್ಲಿ ಹಿಡಿದು ಆಡಿಸುವ ಅಂಗೈಯಗಲದ ಗಂಟೆ. ಮಾವನ ಅಜ್ಜ ಎರಕ ಹೊಯ್ದದ್ದು. ಆ ಮನೆಯಲ್ಲಿ ಮಾಡಿದ ಪ್ರತಿ ಹೊಸ ಗಂಟೆಯನ್ನೂ ಇದರ ಪಕ್ಕ ಹಿಡಿದು ಎರಡನ್ನೂ ಒಟ್ಟಿಗೆ ಮೀಟುವರು. ಎರಡರ ದನಿಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ನಾದ ನೆಟ್ಟಗೆ ನಿಲ್ಲದೆ ವ್ವ, ವ್ವ, ವ್ವ ಎಂದು ಗುಂಯ್‌ಗುಡುತ್ತದೆ. ಓಣಿಯವರು ಅದಕ್ಕೆ ದುಂಬಿ ಎನ್ನುತ್ತಿದ್ದರು. ದುಂಬಿ ಹಾರಿಹೋಗುವ ತನಕ ಹೊಸದನ್ನು ಅರದಲ್ಲಿ ಉಜ್ಜುವುದು, ಮೀಟುವುದು, ಮತ್ತೆ ಉಜ್ಜುವುದು. ದನಿ ಕೂಡಿದ ಮೇಲೆ ಒಳಗೆ ಎಲೆಯ ಮುದ್ರೆ ಒತ್ತುವರು. ಮುದ್ರೆಯಿಲ್ಲದ ಗಂಟೆ ಆ ಮನೆಯಲ್ಲಿ ಒಂದೇ. 'ತಾಯಿಗೆ ಮುದ್ರೆ ಹಾಕೋ ಮಗ ಇನ್ನೂ ಹುಟ್ಟಿಲ್ಲ' ಎಂಬುದು ಮಾವನ ಮಾತು.

ಹೊಸಿಲು ದಾಟದ ಆ ಗಂಟೆಯನ್ನು ಅವಳು ಹೋದ ವಾರ ಕೇಳಿ ಪಡೆದಿದ್ದಳು.

"ದನಿ ಕೇಳದೆ ಜನ ಗಂಟೆ ಹೇಗೆ ಕೊಳ್ತಾರೆ ಮಾವ? ವೆಬ್‌ಸೈಟಿನಲ್ಲಿ ಬರೀ ಫೋಟೋ ಇದೆ. ಒಂದು ಸಲ ರೆಕಾರ್ಡ್ ಮಾಡ್ಕೊಂಡು ಕೊಟ್ಟುಬಿಡ್ತೀನಿ."

ಮಾವ ಅದನ್ನು ಟವೆಲ್ಲಿನಲ್ಲಿ ಸುತ್ತಿ, ಕೂಸನ್ನು ಕೊಡುವಂತೆ ಕೊಟ್ಟಿದ್ದ. "ಹೇಗೂ ನಾನು ಮಗಳ ಮನೇಲಿರ್ತೀನಿ. ಬಂದ ಮಾರನೇ ಬೆಳಗ್ಗೆ ಇದು ಇಲ್ಲಿರ್ಬೇಕು ಪುಟ್ಟಿ. ಇದಿಲ್ದಿದ್ರೆ ನನಗೆ ಕೆಲಸ ಇಲ್ಲ. ಅಂಗಡಿ ಮುಚ್ಚಿದ ಹಾಗೇನೇ."

"ತಲೆ ಮೇಲೆ ಇಟ್ಕೊಂಡು ತರ್ತೀನಿ."

"ತಲೆ ಮೇಲೆ ಬೇಡ, ನಿಂಗೆ ಬಾಯಿ ಬಡ್ಕೊಳ್ಳುವಾಗ ತಲೆ ಅಲ್ಲಾಡುತ್ತೆ. ಕೈಯಲ್ಲಿ ತಾ."

ಆಫೀಸಿಗೆ ಬಂದವಳೇ ಬೀರು ತೆರೆದಳು. ಟವೆಲ್ಲು ಇತ್ತು, ನೀಟಾಗಿ ಮಡಿಸಿತ್ತು. ಗಂಟೆ ಇರಲಿಲ್ಲ.

ಮನುಷ್ಯನ ನೆನಪು ಕಳ್ಳನಂತೆ. ಬೇಕಾದಾಗ ಸಿಗದು, ಸಿಕ್ಕಾಗ ಕೈ ನಡುಗಿಸುವುದು. ಅವಳಿಗೆ ಒಂದೊಂದೇ ನೆನಪಾಯಿತು. ಹೋದ ವಾರ, ಗಂಟೆ ತಂದ ಮಾರನೇ ಬೆಳಗ್ಗೆ, ಫ್ಯಾನುಗಳು ಓಡಲು ಶುರುವಾಗುವ ಮುಂಚೆ, ಪ್ಯಾಕಿಂಗ್ ಕೋಣೆಯಲ್ಲೇ ನಿಂತು ದನಿ ಹಿಡಿದಿದ್ದಳು. ಆಮೇಲೆ ಯಜಮಾನರ ಫೋನು. ಮಾತಾಡುತ್ತಾ ಮಾತಾಡುತ್ತಾ ಟವೆಲ್ಲನ್ನು ಮಡಿಸಿ ಒಳಗಿಟ್ಟಿದ್ದಳು. ಗಂಟೆಯನ್ನು?

"ಅಕ್ಕಾ, ಮೇಜಿನ ಮೇಲೆ ಒಂದು ಗಂಟೆ ಇತ್ತಲ್ಲ?"

ಪ್ಯಾಕಿಂಗಿನ ಅಕ್ಕ ಪೆಟ್ಟಿಗೆಗೆ ಟೇಪು ಎಳೆಯುತ್ತಲೇ ಹೇಳಿದಳು. "ಒಂದಲ್ಲ ಮೇಡಂ, ಒಂದು ಡಜನ್ ಇತ್ತು. ಎಲ್ಲ ಹೋಯ್ತು. ದನಿ ಹಾಕಿದ ದಿನವೇ ಆರ್ಡರ್ ಸುರಿದದ್ದು ಮರೆತ್ರಾ? ಮೇಜಿನ ಮೇಲಿರೋದೆಲ್ಲ ಇವತ್ತೇ ಗಾಡಿ ಹತ್ತಬೇಕು ಅಂತ ನೀವೇ ಕುಣಿದ್ರಿ. ಅಲ್ಲೇ ನನ್ನ ಕನ್ನಡಕ ಇತ್ತು. ಪುಣ್ಯಕ್ಕೆ ಅದನ್ನ ಯಾರೂ ಕೊಂಡಿರ್ಲಿಲ್ಲ, ಉಳೀತು."

ಅವಳು ಅಲ್ಲೇ ಪೆಟ್ಟಿಗೆಗಳ ಮೇಲೆ ಕೂತುಬಿಟ್ಟಳು. ಇನ್ನೊಬ್ಬರ ಮೇಲೆ ಕೂಗಾಡಲೂ ದಾರಿಯಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರನ್ನು ಕೇಳುವುದು?

ಅಕ್ಕ ಅವಳ ಮುಖ ನೋಡಿ ಟೇಪು ಕೆಳಗಿಟ್ಟಳು. "ಅದು ಆ ಅಜ್ಜನ ಗಂಟೆಯಾ? ಅಯ್ಯೋ ಶಿವನೇ. ಎದ್ದೇಳಿ ಮೇಡಂ. ಕೂತ್ರೆ ಗಂಟೆ ನಡ್ಕೊಂಡು ಬರಲ್ಲ. ಕೊಂಡವರಿಗೆಲ್ಲ ಫೋನ್ ಮಾಡೋಣ, ಒಳಗೆ ಎಲೆ ಗುರುತು ಇದೆಯಾ ಕೇಳೋಣ. ಇಲ್ಲ ಅಂದೋರ ಹತ್ರ ಅದಿದೆ."

ಹೇಳಿದಷ್ಟು ಸುಲಭವಿರಲಿಲ್ಲ. ಮೊದಲನೆಯವರು ಅವಳ ಮಾತು ಮುಗಿಯುವ ಮುಂಚೆಯೇ "ಓಟಿಪಿ ಹೇಳಲ್ಲಮ್ಮ, ಬೇರೆ ಯಾರನ್ನಾದ್ರೂ ನೋಡ್ಕೋ" ಎಂದು ಫೋನಿಟ್ಟರು. ಇನ್ನೊಬ್ಬರು "ಗಂಟೆ ಒಳಗೆ ಯಾಕೆ ನೋಡಬೇಕು? ಏನ್ ಇಟ್ಟಿದೀರಿ ಅದರೊಳಗೆ?" ಎಂದು ಹೆದರಿ, ಗಂಡನನ್ನು ಕರೆದು, ಗಂಡ ಮಗನನ್ನು ಕರೆದು, ಕೊನೆಗೆ ಮನೆಮಂದಿಯೆಲ್ಲ ಸೇರಿ ನೋಡಿ, ಎಲೆ ಇದೆ ಎಂದರು. ಎಲೆ ಇದೆ, ಎಲೆ ಇದೆ, ಎಲೆ ಇದೆ. ಬೇರೆ ಯಾವ ದಿನವಾದರೂ ಕೇಳಿ ಹಿಗ್ಗಬೇಕಾದ ಮಾತು ಅದು.

ಕೊನೆಗೆ ಒಬ್ಬ ಹೆಂಗಸು ಒಳಗೆ ಹೋಗಿ ನೋಡಿಬಂದು ಹೇಳಿದಳು. "ಎಲೆ ಇಲ್ಲ. ಅದಕ್ಕೇನೀಗ?"

ವಿಳಾಸ ಇದೇ ಊರಿನದು, ಹೊಳೆಯಾಚೆಯ ಬಡಾವಣೆ. ಈ ಕಡೆಯಿಂದ ಅವಳು ಒಂದೇ ಉಸಿರಿಗೆ ನಡೆದದ್ದನ್ನೆಲ್ಲ ಹೇಳಿದಳು.

"ಬನ್ನಿ," ಎಂದಿತು ಆ ಕಡೆಯ ದನಿ. "ಕೊಡ್ತೀನಿ ಅಂತ ಹೇಳ್ತಿಲ್ಲ. ಬನ್ನಿ ಅಂದೆ, ಅಷ್ಟೆ."

ಮಾವನ ಮನೆಯಲ್ಲಿ ಕುಲುಮೆ ತಣ್ಣಗಿತ್ತು. ಅವನು ಮರದ ಹಲಗೆಯ ಮೇಲೆ ಎರಡೂ ಕೈ ಮೊಣಕಾಲ ಮೇಲಿಟ್ಟು ಕೂತಿದ್ದ. ಅವಳ ಬರಿಗೈ ನೋಡಿದ. ಅವಳು ಹೇಳಿದಳು, ನಿಂತೇ ಹೇಳಿದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಇದೇ ಮನೆ ಮುಂದಿನ ಕಟ್ಟೆಯ ಮೇಲೆ ಕೂತು ಅವಳ ಅಜ್ಜಿ ಕಥೆ ಹೇಳುತ್ತಿದ್ದಳು. ಕೊಟ್ಟ ಮಾತು ಹೀಗೆ ಟೇಪು ಸುತ್ತಿಕೊಂಡು ಗಾಡಿ ಹತ್ತಿ ಹೋಗುವ ಕಾಲ ಬರುತ್ತದೆಂದು ಆ ಅಜ್ಜಿಗೂ ಗೊತ್ತಿರಲಿಲ್ಲ.

ಮಾವ ಎದ್ದು ಒಂದು ಹೊಸ ಗಂಟೆ, ಒಂದು ಅರ, ಒಂದು ಮರದ ಕಡ್ಡಿ, ಇಷ್ಟನ್ನು ಚೀಲಕ್ಕೆ ಹಾಕಿಕೊಂಡ.

"ನಿಂಗೆ ಬೈಬೇಕು ಅಂತಿದೆ ಪುಟ್ಟಿ. ಆದ್ರೆ ಒಳ್ಳೇ ಬೈಗುಳ ಒಂದೂ ನೆನಪಾಗ್ತಿಲ್ಲ. ದಾರೀಲಿ ನೆನಪಾದ್ರೆ ಬೈತೀನಿ. ನಡಿ."

ಬಸ್ಸಿನಲ್ಲಿ ಅವನು ಬೈಯಲಿಲ್ಲ. ಸೇತುವೆ ದಾಟುವಾಗ ಅವಳೇ ತಡೆಯಲಾರದೆ, "ಅವರು ಕೊಡದೇ ಹೋದ್ರೆ... ರೆಕಾರ್ಡ್ ಮಾಡಿದ್ದು ನನ್ನ ಹತ್ರ ಇದೆ ಮಾವ" ಎಂದಳು.

"ಫೋಟೋದಲ್ಲಿರೋ ದೀಪದಿಂದ ಬತ್ತಿ ಹಚ್ಚೋಕಾಗುತ್ತಾ?" ಎಂದು ಮಾವ ಕಿಟಕಿಯ ಕಡೆ ತಿರುಗಿದ.

ಮಂಜು ಹೊಳೆಯ ಮೇಲಿನಿಂದ ಮೆಲ್ಲಗೆ ಎದ್ದು ಹೋಗುತ್ತಿತ್ತು. ಅವಳಿಗೆ ಹಳೆಯ ಅಂಗಡಿ ನೆನಪಾಯಿತು. ಮೊದಲು ಕೆಲಸಕ್ಕೆ ಸೇರಿದಾಗ ಅವಳು ಕೌಂಟರಿನ ಹುಡುಗಿ. ಆಗ ಗಂಟೆ ಕೊಳ್ಳಲು ಬಂದವರಿಗೆ ಆಗಿನ ಯಜಮಾನರು ಸ್ಟೂಲು ಹಾಕಿ ಕೂರಿಸಿ, 'ಕಣ್ಣು ಮುಚ್ಕೊಂಡು ಕೊಳ್ಳಿ' ಎನ್ನುತ್ತಿದ್ದರು. ಜನ ನಿಜವಾಗಿಯೂ ಕಣ್ಣು ಮುಚ್ಚುತ್ತಿದ್ದರು. ಒಂದೊಂದನ್ನೇ ಆಡಿಸಿ, ತಲೆ ವಾಲಿಸಿ, ಅರ್ಧ ದಿನ ಕೂತು, ಏನೂ ಕೊಳ್ಳದೆ ಎದ್ದುಹೋದವರೂ ಇದ್ದರು. ಹಾಗೆ ಹೋದವರಿಗೂ ಯಜಮಾನರು ಬಾಗಿಲ ತನಕ ಹೋಗಿ ಕೈಮುಗಿಯುತ್ತಿದ್ದರು. 'ಕೇಳಿದ್ರಲ್ಲ, ಅದೇ ವ್ಯಾಪಾರ.' ಈಗ ಅವಳ ಕಂಪ್ಯೂಟರಿನಲ್ಲಿ, ಯಾರು ಎಷ್ಟು ಸೆಕೆಂಡು ನೋಡಿ ಕೊಳ್ಳದೆ ಹೋದರು ಎಂಬುದು ಕೆಂಪು ಬಣ್ಣದಲ್ಲಿ ಬರುತ್ತದೆ. ಆ ಕೆಂಪು ಕಡಿಮೆ ಮಾಡಿದ್ದಕ್ಕೇ ಅವಳನ್ನು ಹಿರಿಯ ಮ್ಯಾನೇಜರು ಮಾಡಿದ್ದು.

ಮೂರನೇ ಮಹಡಿ. ಬಾಗಿಲು ತೆರೆದ ಹೆಂಗಸಿಗೆ ಅರವತ್ತು ದಾಟಿತ್ತು. ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತಿಯಾದವಳು. ಮಾತಿನಲ್ಲಿ ಇನ್ನೂ ವಾರ್ಡಿನ ಗತ್ತು. "ಚಪ್ಪಲಿ ಅಲ್ಲಿ. ಕೈ ತೊಳ್ಕೊಳ್ಳಿ. ಕೂತ್ಕೊಳ್ಳಿ."

ಕಿಟಕಿಯ ಪಕ್ಕದ ಮಂಚದಲ್ಲಿ ಅವಳ ಗಂಡ ಒರಗಿದ್ದ. ದರ್ಜಿಯಾಗಿದ್ದವನು. ಲಕ್ವ ಹೊಡೆದು ಒಂದು ಪಕ್ಕ ಬಿದ್ದುಹೋಗಿ ಮಾತೂ ನಿಂತಿತ್ತು, ಎಡಗೈಯೊಂದು ಉಳಿದಿತ್ತು. ಆ ಕೈಯ ಹತ್ತಿರ, ದಿಂಬಿನ ಮೇಲೆ, ತಾಯಿಗಂಟೆ.

ಮಾವ ಅದನ್ನು ನೋಡಿದ. ಕಳೆದುಹೋದ ಮಗು ಪರರ ಮನೆಯಲ್ಲಿ ಊಟ ಮಾಡುತ್ತಿರುವುದನ್ನು ಕಂಡ ತಂದೆಯ ಹಾಗೆ ಬಾಗಿಲಲ್ಲೇ ನಿಂತ.

ಅವಳು ಮ್ಯಾನೇಜರಿನ ಮಾತಿಗೆ ಇಳಿದಳು. ತಪ್ಪು ನಮ್ಮದು, ಕೊಟ್ಟ ಹಣ ಪೂರ್ತಿ ವಾಪಸ್, ಅದರ ಮೇಲೆ ಹೊಸ ಗಂಟೆಯೂ ಉಚಿತ.

"ನಾನು ಹಣ ಕೇಳಿದ್ನಾ?" ಎಂದಳು ನರ್ಸಮ್ಮ. "ಇದು ಬರೋಕೆ ಮುಂಚೆ ಇವರು ಸ್ಟೀಲ್ ಲೋಟ ತಗೊಂಡು ಮಂಚದ ಕಂಬಿಗೆ ಬಡೀತಿದ್ರು. ಟಣ್ ಟಣ್ ಟಣ್. ನಿಜ ಹೇಳ್ತೀನಿ, ಎಷ್ಟೋ ಸಲ ನಾನು ಕೇಳಿಸ್ಕೊಂಡೂ ಹೋಗ್ತಿರ್ಲಿಲ್ಲ. ಆ ಸದ್ದಿಗೆ ಮೈ ಉರೀತಿತ್ತು. ಈಗ ಕರೆದ್ರೆ ಕೋಪ ಬರಲ್ಲ. ಯಾಕೋ ಗೊತ್ತಿಲ್ಲ, ಬರಲ್ಲ. ಒಂದು ಸಲ ಅಂದ್ರೆ ನೀರು. ಎರಡಂದ್ರೆ ಮಗ್ಗುಲು ಬದಲಿಸು. ಮೂರು ಸಲ ಆಡಿಸಿದ್ರೆ ಏನೂ ಬೇಕಿಲ್ಲ, ಸುಮ್ನೆ. ಇಲ್ಲೇ ಇದೀಯಾ ಅಂತ."

ಗಂಡನ ಬಾಯಿಯ ಒಂದು ಅಂಚು ಮೇಲೆ ಹೋಯಿತು. ನಗುವೇ ಇರಬೇಕು.

ಅವಳು ಮಾವನ ಚೀಲದಿಂದ ಹೊಸ ಗಂಟೆ ತೆಗೆದು, "ಇದೂ ಅದೇ ಮನೆಯಲ್ಲಿ ಮಾಡಿದ್ದು, ಕೇಳಿ" ಎಂದು ಆಡಿಸಿದಳು. ಮಂಚದ ಮೇಲಿನವನು ಒಂದು ಕ್ಷಣ ಆಲಿಸಿ ಮುಖವನ್ನು ಗೋಡೆಗೆ ತಿರುಗಿಸಿದ.

"ನೋಡಿದ್ರಾ," ಎಂದಳು ನರ್ಸಮ್ಮ. "ನಾನು ಫೋನಲ್ಲಿ ಕೇಳಿ ಕೊಂಡದ್ದು ಈ ದಿಂಬಿನ ಮೇಲಿರೋ ದನೀನ. ಅಂದ್ರೆ ನೀವು ಕೇಳಿಸೋದು ಒಂದು, ಕಳಿಸೋದು ಇನ್ನೊಂದು. ಮಿಕ್ಕವರಿಗೆಲ್ಲ ಸರಿಯಾಗೇ ತಪ್ಪು ಕಳಿಸಿದೀರಿ, ತಪ್ಪಾಗಿ ಸರಿಯಾದ್ದು ಬಂದಿರೋದು ನನಗೊಬ್ಬಳಿಗೇ. ಅದನ್ನೂ ಕಿತ್ಕೊಳ್ಳೋಕೆ ಬಂದಿದೀರಾ?"

ದೊಡ್ಡ ದೊಡ್ಡ ಮೀಟಿಂಗುಗಳಲ್ಲಿ ಯಾರೂ ಕೇಳದ ಪ್ರಶ್ನೆಯನ್ನು ಈ ಹೆಂಗಸು ಅಡುಗೆಮನೆಯ ಬಾಗಿಲಿಗೊರಗಿ ಕೇಳಿದ್ದಳು. ಹೋದ ವರ್ಷದ ಕೊನೆಯ ಮಾರಾಟದ ಹೊತ್ತಿಗೆ ಮಾವನ ಹಲಗೆಯ ಮುಂದೆ ನಿಂತು ತಾನೇ ಹೇಳಿದ ಮಾತು ಅವಳ ಕಿವಿಯಲ್ಲಿ ಗುಂಯ್ ಎಂದಿತು: 'ಸಣ್ಣ ದುಂಬಿ ಇದ್ರೆ ಇರ್ಲಿ ಬಿಡಿ ಮಾವ. ಅಷ್ಟು ದೂರದಲ್ಲಿ ಯಾರಿಗೆ ಗೊತ್ತಾಗುತ್ತೆ?'

ಅಷ್ಟರಲ್ಲಿ ಮಾವ ಒಳಗೆ ಬಂದ. ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು, ಮಲಗಿದವನಿಗೆ ಕೈಮುಗಿದು, "ತಗೊಂಡು ಹೋಗಲ್ಲ ಯಜಮಾನ್ರೇ, ಒಂದ್ಸಲ ಮುಟ್ತೀನಿ, ಅಷ್ಟೆ" ಎಂದ. ಆ ಕಣ್ಣುಗಳು ಮಾವನ ಕೈಗಳನ್ನು ನೋಡಿದವು. ಬೆರಳ ತುದಿ ಕಪ್ಪಾದ, ಉಗುರು ಸವೆದ ಕೈಗಳು. ಕೈಕೆಲಸದವನಿಗೆ ಕೈಕೆಲಸದವನ ಕೈ ಕಂಡರೆ ಸಾಕು. ಎಡಗೈ ದಿಂಬಿನಿಂದ ಸರಿದು ದಾರಿ ಬಿಟ್ಟಿತು.

ಮಾವ ಎರಡು ಗಂಟೆಗಳನ್ನೂ ಹಿಡಿಯಲ್ಲಿ ಸೇರಿಸಿ ಹಿಡಿದ. ಕಡ್ಡಿಯ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಇನ್ನೊಂದು ತುದಿಯನ್ನು ಕಂಚಿಗೆ ತಾಗಿಸಿ, ಬೆರಳಿನಿಂದ ಮೀಟಿದ.

ಅವಳು ಅದನ್ನು ನೋಡಿದಳು. ಅವಳ ಬಾಲ್ಯದಲ್ಲಿ ಮಾವ ಎಂದೂ ಕಡ್ಡಿ ಕಚ್ಚಿದವನಲ್ಲ.

"ಮಾವ," ಎಂದಳು ಮೆಲ್ಲಗೆ. ಅವನು ತಿರುಗಲಿಲ್ಲ. ಅವಳು ಅವನ ಮುಂದೆ ಬಂದು ಕುಕ್ಕರುಗಾಲಲ್ಲಿ ಕೂತಳು. "ಯಾವಾಗಿಂದ ಮಾವ?"

ಅವನು ಕಡ್ಡಿಯನ್ನು ಬಾಯಿಂದ ತೆಗೆದ. "ಮಾತು ಕೇಳುತ್ತೆ. ಗಂಟೆಯ ಏರುದನಿ ಕಿವಿಗೆ ಬೀಳದೆ ಮೂರ್ನಾಲ್ಕು ವರ್ಷ ಆಯ್ತು. ಹಲ್ಲಿಗೆ ಕೇಳಿಸುತ್ತೆ, ಮೇಲಿರೋನು ಹಲ್ಲು ಗಟ್ಟಿ ಕೊಟ್ಟಿದಾನೆ. ದೊಡ್ಡ ದುಂಬಿ ಸಿಗುತ್ತೆ. ಸಣ್ಣದು ಹಲ್ಲಿಗೂ ಸಿಗಲ್ಲ. ನೀನು ಸಣ್ಣದಿದ್ರೆ ಇರ್ಲಿ ಅಂದ್ಯಲ್ಲ ಹೋದ ವರ್ಷ, ನಿನ್ನ ಬಾಯಿಗೆ ಸಕ್ಕರೆ ಹಾಕ್ಬೇಕು ಅನ್ನಿಸ್ತು ನಂಗೆ. ಉಳ್ಕೊಂಡೆ ಅನ್ಕೊಂಡೆ."

ಅವಳಿಗೆ ಅಳು ಬಂತೇ ಎಂದರೆ ಬರಲಿಲ್ಲ. ಅಳುವುದಕ್ಕಿಂತ ದೊಡ್ಡದೊಂದು ಬಂತು. ಶಾಲೆ ಬಿಟ್ಟು ಬಂದು ಚೀಲ ಎಸೆದು, ಆ ಮರದ ಹಲಗೆಯ ತುದಿಯಲ್ಲಿ ಕಾಲು ಇಳಿಬಿಟ್ಟು ಕೂತ ಸಂಜೆಗಳು ಬಂದವು. ಮಾವ ಮೀಟಿ ಹುಬ್ಬು ಎತ್ತುವನು. ಅವಳು ಕಣ್ಣು ಮುಚ್ಚಿ 'ಇದೆ' ಎನ್ನುವಳು. ಉಜ್ಜುವನು, ಮೀಟುವನು. 'ಇನ್ನೂ ಇದೆ.' ದುಂಬಿ ಹಾರಿಹೋದ ಗಳಿಗೆಯಲ್ಲಿ ಅವಳು ಹಲಗೆ ಬಡಿದು ಕಿರುಚಿದರೆ ಗೋಡೆಯಾಚೆಯಿಂದ ಅಪ್ಪ, 'ಏನೇ ಅದು, ಮನೆ ಬಿತ್ತಾ?' ಎಂದು ಕೂಗುವನು. ಮಾವನಿಗೆ ಆಗ ಅವಳ ಕಿವಿ ಬೇಕಿರಲಿಲ್ಲ, ಅವನ ಕಿವಿ ಸೂಜಿಯಂತಿತ್ತು. ಆದರೂ ಅವಳನ್ನು ಕೇಳದೆ ಒಂದು ಗಂಟೆಗೂ ಮುದ್ರೆ ಒತ್ತುತ್ತಿರಲಿಲ್ಲ. ಮಗುವಿನ ಕಿವಿಯಲ್ಲಿ ದೇವರು ಕೂತಿರುತ್ತಾನೆ ಎನ್ನುತ್ತಿದ್ದ. ಆ ಹಲಗೆಯ ಮೇಲಿನಿಂದ ಅವಳು ಯಾವತ್ತು ಎದ್ದು ಹೋದಳೋ ಅವಳಿಗೇ ನೆನಪಿಲ್ಲ. ಎದ್ದು ಹೋದವಳು ಎಷ್ಟು ದೊಡ್ಡವಳಾದಳೆಂದರೆ, ಯಾರಿಗೆ ಗೊತ್ತಾಗುತ್ತೆ ಎಂದು ಕೇಳುವಷ್ಟು.

"ಕಡ್ಡಿ ಕೆಳಗಿಡಿ," ಎಂದಳು. "ಮೀಟಿ. ನಾನು ಕೇಳ್ತೀನಿ."

"ನಿನ್ನ ಕಿವಿ ಈಗ ಮ್ಯಾನೇಜರ್ ಕಿವಿ ಕಣೇ. ಫೋನ್ ಹಚ್ಚಿ ಹಚ್ಚಿ ಸವೆದಿರುತ್ತೆ."

"ಮೀಟಿ ಮಾವ."

ಮಾವ ಮೀಟಿದ. ಅವಳು ಕಣ್ಣು ಮುಚ್ಚಿದಳು. ಮೊದಲು ಏನೂ ಇಲ್ಲ. ಕೆಳಗೆ ಬೀದಿಯಲ್ಲಿ ಗಾಡಿ, ಅಡುಗೆಮನೆಯಲ್ಲಿ ನಲ್ಲಿ. ಎರಡನೇ ಸಲಕ್ಕೆ ಆ ಸದ್ದುಗಳು ಹಿಂದೆ ಸರಿದವು. ಮೂರನೇ ಸಲಕ್ಕೆ, ಬಹಳ ಆಳದಲ್ಲಿ, ಗೂಡಿನೊಳಗೆ ದುಂಬಿ ಮಗ್ಗುಲಾಗುವಂತೆ, ವ್ವ... ವ್ವ...

"ಇದೆ."

ಮಾವ ಬಾಲ್ಕನಿಗೆ ಹೋಗಿ ಅಲ್ಲಿನ ಕಟ್ಟೆಗೆ ಹೊಸ ಗಂಟೆಯನ್ನು ಒತ್ತಿಹಿಡಿದು ಅಂಚನ್ನು ಉಜ್ಜಿದ. ಕಂಚಿನ ಹುಡಿ ಅವನ ಮೊಣಕಾಲ ಮೇಲೆ ಉದುರಿತು. ತಂದು ಮೀಟಿದ.

"ಇದೆ. ನಿಧಾನ ಆಗಿದೆ."

ಮತ್ತೆ ಉಜ್ಜಿದ. ನರ್ಸಮ್ಮ ಮೊದಲು ಬಾಗಿಲಲ್ಲಿ ನಿಂತಿದ್ದಳು, ಆಮೇಲೆ ಅಲ್ಲೇ ಒಂದು ಕುರ್ಚಿ ಎಳೆದುಕೊಂಡು ಕೂತಳು, ಆಮೇಲೆ, "ನಿಮ್ಮ ಈ ಉಜ್ಜಾಟ ನೋಡ್ತಾ ಕೂತ್ರೆ ಒಲೆ ಹಚ್ಚೋರ್ಯಾರು?" ಎಂದು ಗೊಣಗಿ ಅಡುಗೆಮನೆಗೆ ಹೋದಳು. ಮಂಚದ ಮೇಲಿನವನು ಗೋಡೆಯಿಂದ ಈ ಕಡೆ ತಿರುಗಿದ್ದ. ಪ್ರತಿ ಸಲ ಮೀಟಿದಾಗಲೂ ಅವನು ಅವಳ ಮುಖವನ್ನೇ ನೋಡುತ್ತಿದ್ದ. ಅಳತೆ ತಪ್ಪಿದ ಅಂಗಿಯನ್ನು ಎಷ್ಟು ಸಲ ಬಿಚ್ಚಿ ಹೊಲಿದಿರುವನೋ ಅವನು.

"ಇನ್ನೂ ಇದೆಯಾ?"

"ಚೂರು."

"ಇದಕ್ಕಿಂತ ಹೆಚ್ಚು ಉಜ್ಜಿದ್ರೆ ಆಚೆಗೆ ದಾಟಿಬಿಡುತ್ತೆ ಪುಟ್ಟಿ. ಸಾಕಲ್ವಾ?"

ಅವಳು ಕಣ್ಣು ತೆರೆಯಲಿಲ್ಲ. "ಸಾಲದು ಮಾವ. ಚೂರು ಇದೆ."

ಮಾವ ನಕ್ಕ. ಬೆಳಗಿನಿಂದ ಮೊದಲ ಸಲ ನಕ್ಕ. ಅರವನ್ನು ಬದಿಗಿಟ್ಟು, ಪಂಚೆಯ ಅಂಚಿಗೆ ಒಂದಿಷ್ಟು ಕಂಚಿನ ಹುಡಿಯನ್ನೇ ಸವರಿಕೊಂಡು, ಬೆರಳಿನಿಂದ ತಿಕ್ಕತೊಡಗಿದ. ಹೊರಗೆ ಮಂಜು ಪೂರ್ತಿ ಹೋಗಿ ಬಿಸಿಲು ಬಾಲ್ಕನಿಗೆ ಇಳಿದಿತ್ತು. ಬಹಳ ಹೊತ್ತು ತಿಕ್ಕಿದ. ತಂದ. ಎರಡನ್ನೂ ಸೇರಿಸಿ ಹಿಡಿದು ಮೀಟಿದ.

ಒಂದೇ ದನಿ. ಹೊಳೆಯ ನೀರಿನ ಮೇಲೆ ಗೆರೆ ಎಳೆದಂತೆ ನೆಟ್ಟಗೆ ಹೋಗಿ, ತೆಳ್ಳಗಾಗಿ, ಎಲ್ಲಿ ಮುಗಿಯಿತೆಂದು ತಿಳಿಯದ ಹಾಗೆ ಮುಗಿಯಿತು.

ಅವಳು ಅಂಗೈಯಿಂದ ಸ್ಟೂಲಿನ ಕಾಲನ್ನು ಬಡಿದಳು.

ಮಾವ ಹೊಸ ಗಂಟೆಯನ್ನು ಮಲಗಿದವನ ಎಡಗೈಗೆ ಕೊಟ್ಟ. ಅವನು ಅದನ್ನು ತಿರುಗಿಸಿ ನೋಡಿದ, ತೂಕ ನೋಡಿದ. ಆಮೇಲೆ ಆಡಿಸಿದ. ಒಂದು. ಎರಡು. ಮೂರು.

"ಇಲ್ಲೇ ಇದೀನಿ ಮಾರಾಯ್ರೇ, ಎಲ್ಲಿ ಹೋಗ್ಲಿ," ಎಂದಿತು ಅಡುಗೆಮನೆಯಿಂದ ನರ್ಸಮ್ಮನ ದನಿ. ಆ ದನಿಯಲ್ಲಿ ಕೋಪವಿರಲಿಲ್ಲ.

ಅವನು ಹೊಸ ಗಂಟೆಯನ್ನು ಎದೆಯ ಮೇಲೆ ಮೆಲ್ಲಗೆ ಮಲಗಿಸಿದ. ಆ ಒಂದೇ ಕೈಯನ್ನು ಚಾಚಿ, ಮಾವನ ಮಡಿಲ ಬಳಿ ಇದ್ದ ತಾಯಿಗಂಟೆಯನ್ನು ಎತ್ತಿ, ಅದರ ನಾಲಗೆ ಅಲ್ಲಾಡದಂತೆ ಬೆರಳಲ್ಲಿ ತಡೆದು, ಮಾವನ ಅಂಗೈಯಲ್ಲಿ ಇಟ್ಟ.